ಕೊಳಲು ಹೊಲಿಯುವ ಕೆಲಸ

ಕವೆಂಟ್ರಿ, ಇಂಗ್ಲೆಂಡ್,
ಭಾನುವಾರ

ಪೂಜ್ಯ ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಪೊರೆ ತೆಗೆಸಿದ ಕಣ್ಣು ಈಗ ಹೇಗಿದೆ? ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದೀನಿ ಬಿಡಮ್ಮ’ ಅಂತ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಕೆಲಸದ ವಿಷಯವಾದರೆ ಪೂರ್ತಿ ಓದುತ್ತೀರಿ ಅಂತ ಗೊತ್ತು.

ಹಳೇ ಕಾರುಗಳ ಸೀಟು ಹೊಲಿಯುವ ನಮ್ಮ ಅಂಗಡಿಗೆ ಈಗ ಬಂದಿರುವ ಗಾಡಿ 1957ರ ಮಾರಿಸ್ ಆಕ್ಸ್‌ಫರ್ಡ್, ಮೂರನೇ ಸೀರೀಸ್. ಶೆಡ್ಡಿನ ಬಾಗಿಲು ತೆಗೆದರೆ ನಮ್ಮೂರ ಬಿ.ಎಚ್. ರಸ್ತೆಯ ಅಂಬಾಸಿಡರೇ ನಿಂತ ಹಾಗಿತ್ತು! ಹಿಂದೂಸ್ತಾನ್ ಮೋಟಾರ್ಸ್‌ನವರು ಅಂಬಾಸಿಡರ್ ಮಾಡಿಕೊಂಡಿದ್ದು ಇದನ್ನೇ. ಇಲ್ಲಿ 1959ಕ್ಕೆ ನಿಲ್ಲಿಸಿದರು, ನಮ್ಮಲ್ಲಿ 2014ರವರೆಗೂ ತಯಾರಾಯಿತು. ಇಲ್ಲಿಯವರು ಅದನ್ನು ಮುಟ್ಟುವ ಮೊದಲು ಕೈ ಒರೆಸಿಕೊಳ್ಳುತ್ತಾರೆ. ನಾನು ಅಂಥ ಸೀಟಿನ ಮೇಲೆ ಬೋರಲು ಮಲಗಿ ಹೋಂವರ್ಕ್ ಬರೆದವಳು.

ಗಾಡಿ ಯಜಮಾನರಿಗೆ ಸೀಟು ಲೆದರಿನದೇ ಆಗಬೇಕು, ಅದರ ಮೇಲೆ ಉದ್ದುದ್ದ ಉಬ್ಬಿದ ಪಟ್ಟಿ, ಅದೇ 2 ಇಂಚಿನ ಪ್ಲೀಟು ಬೇಕು. ಇಲ್ಲಿಯ ಹಳಬರು ಪ್ಲೀಟಿಗೆ ‘ಫ್ಲೂಟ್’ ಅನ್ನುತ್ತಾರೆ. ‘ಇವತ್ತು ಎಷ್ಟು ಕೊಳಲು ಹೊಲಿದೆ?’ ಅಂತ ನಿಮ್ಮ ಅಳಿಯಂದಿರು ದಿನಾ ರೇಗಿಸುತ್ತಾರೆ.

ಮೊದಲ ದಿನವೇ ಎಡವಿದೆ. ಪ್ಲೀಟು ಬರುವ ಜಾಗ 40 ಇಂಚು. 20 ಪ್ಲೀಟು, ನಡುವೆ 19 ಕಡೆ ಮಡಿಚಿ ಹೊಲಿಗೆ. ಮಡಿಕೆಯ ಅಂಚಿನಿಂದ 3 ಮಿ.ಮೀ. ಒಳಗೆ ಹೊಲಿದರೆ ಎರಡೂ ಪದರ ಸೇರಿ ಪ್ರತಿ ಮಡಿಕೆ 6 ಮಿ.ಮೀ. ನುಂಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಗುರುತು ಹಾಕಿಬಿಟ್ಟೆ. ಮುಗಿಸಿ ಸೀಟಿನ ಮೇಲೆ ಹಾಸಿದರೆ ನಾಲ್ಕೂವರೆ ಇಂಚು ಕಡಿಮೆ! ಪುಣ್ಯಕ್ಕೆ ಅದು ಮಾದರಿಗೆಂದು ಹೊಲಿದ ರೆಕ್ಸಿನ್. ಲೆದರ್ ಆಗಿದ್ದರೆ ಬಿಚ್ಚಿ ಹೊಲಿಯುವ ಹಾಗೂ ಇಲ್ಲ, ಸೂಜಿಯ ತೂತು ಹಾಗೇ ಉಳಿಯುತ್ತದೆ. ನೀವು ಸೀಮೆಸುಣ್ಣದಲ್ಲಿ ಒಂದೊಂದು ಮಡಿಕೆಗೂ ಜೋಡಿ ಗೆರೆ ಎಳೆಯುತ್ತಿದ್ದಿರಲ್ಲ, ಒಂದೇ ಗೆರೆ ಸಾಲದಾ ಅಂತ ಕೇಳಿ ಬೈಸಿಕೊಂಡಿದ್ದೆ. ಈಗ ಅರ್ಥವಾಯಿತು.

ಈಗಿನವರು ಕೆಳಗೆ ತೆಳು ಫೋಮ್ ಇಟ್ಟು ನೇರವಾಗಿ ಹೊಲಿಗೆ ಓಡಿಸುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಆದರೆ ನೋಡಲು ಒತ್ತಿದ ಚಪಾತಿ. ಹಳೇ ಕ್ರಮದಲ್ಲಿ ಕೆಳಗಿನ ಕೋರಾ ಬಟ್ಟೆಗಿಂತ ಮೇಲಿನ ಲೆದರ್‌ಗೆ ಅಗಲ ಜಾಸ್ತಿ ಕೊಟ್ಟು ಕೊಳವೆ ಹಾಗೆ ಹೊಲಿಯಬೇಕು. ಆಮೇಲೆ ಎರಡು ತೆಳು ಪಟ್ಟಿಗಳ ನಡುವೆ ಹತ್ತಿ ಇಟ್ಟು ಕೊಳವೆಯೊಳಗೆ ತೂರಿಸಿ, ಹತ್ತಿಯನ್ನು ಅಲ್ಲೇ ಬಿಟ್ಟು ಪಟ್ಟಿ ಮಾತ್ರ ಹೊರಗೆಳೆಯಬೇಕು. ಒಂದೊಂದಕ್ಕೂ ಬೆವರು ಇಳಿಯುತ್ತದೆ. ಆದರೂ ನಾನು ಹಟ ಹಿಡಿದು ಹಾಗೇ ಮಾಡುತ್ತಿದ್ದೇನೆ. ಹಳೆಯ ಸೀಟಿನ ಒಳಗೆ ಯಾರೋ ಕುದುರೆ ಕೂದಲು ತುಂಬಿದ್ದರು. ತಿಪಟೂರಿನ ತೆಂಗಿನ ನಾರು ಇದಕ್ಕಿಂತ ಏನೂ ಕಡಿಮೆಯಿಲ್ಲ ಅಂದರೆ ಇಲ್ಲಿ ಯಾರೂ ನಂಬುವುದಿಲ್ಲ.

ಲೆದರಿನಲ್ಲಿ ಇನ್ನೊಂದು ಪೇಚು. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಜಗ್ಗುತ್ತದೆ. ಗೊತ್ತಿಲ್ಲದೆ ಎರಡನ್ನೂ ಅಕ್ಕಪಕ್ಕ ಹಾಕಿದರೆ ವರ್ಷದೊಳಗೆ ಒಂದು ಪ್ಲೀಟು ಜೋತುಬೀಳುತ್ತದೆ. ಬೇರೆ ಬೇರೆ ತುಂಡು ಕೂಡಿಸುವಾಗ ಮಾತ್ರ ನಿಮ್ಮ ಉಪಾಯವೇ: ಜೋಡಣೆಯನ್ನು ಪ್ಲೀಟಿನ ಸಂದಿಗೆ ತಳ್ಳಿಬಿಟ್ಟೆ. ನಮ್ಮ ಮೇಸ್ತ್ರಿ ಕನ್ನಡಕ ಹಾಕಿಕೊಂಡು ಹುಡುಕಿದರೂ ಸಿಗಲಿಲ್ಲ.

ಈಗ ನಿಮ್ಮನ್ನು ಕೇಳಬೇಕಾದದ್ದು. ಕೂರುವ ಭಾಗದ ಪ್ಲೀಟು, ಒರಗುವ ಭಾಗದ ಪ್ಲೀಟು ಒಂದೇ ಗೆರೆಗೆ ಬರಬೇಕಲ್ಲ, ನನ್ನದು ಬಲಗಡೆಗೆ ಹೋಗುತ್ತಾ ಅರ್ಧ ಇಂಚು ಜಾರುತ್ತಿದೆ. ನಡುವಿನಿಂದಲೇ ಶುರು ಮಾಡಿದ್ದೇನೆ, ಆದರೂ. ನೀವು ಏನು ಮಾಡುತ್ತಿದ್ದಿರಿ? ಹಿತ್ತಲಿನ ಶೆಡ್ಡಿನಲ್ಲಿರುವ ಅಂಬಾಸಿಡರಿನ ಹಿಂದಿನ ಸೀಟು ನಿಮ್ಮ ಕೈಯದ್ದೇ. ತಮ್ಮನಿಗೆ ಹೇಳಿ ಎರಡೂ ಕೂಡುವ ಮೂಲೆಯ ಫೋಟೊ ವಾಟ್ಸಾಪ್ ಮಾಡಿಸಿ. ಮತ್ತೆ ಕೋಳಿ ಕಾವಿಗೆ ಕೂತಿದ್ದರೆ ಎಬ್ಬಿಸುವುದು ಬೇಡ, ಪಕ್ಕದಿಂದ ತೆಗೆದರೂ ಸಾಕು.

ಇಂತಿ ನಿಮ್ಮ ಮಗಳು

ಅಮ್ಮನಿಗೆ: ಹುಣಸೆಹಣ್ಣು ಇನ್ನೂ ಒಂದು ಡಬ್ಬಿ ಇದೆ, ಕಳಿಸಬೇಡ.