ಕಣದ ಗಾತ್ರ ಹೇಳುವುದು ಗಾಳಿಯ ಕಥೆಯನ್ನಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಪ್ರಾಚೀನ ಹವಾಮಾನದ ಕುರಿತ ಬರಹಗಳಲ್ಲಿ, ಚೀನಾದ ಲೋಯೆಸ್ (ಗಾಳಿ ತಂದು ಹಾಕಿದ ದೂಳಿನ ಮಣ್ಣು) ಪ್ರಸ್ಥಭೂಮಿಯ ದೂಳಿನ ಪದರಗಳಲ್ಲಿ ದಪ್ಪ ಕಣವಿದ್ದರೆ ಹಿಮಯುಗ, ಸಣ್ಣ ಕಣವಿದ್ದರೆ ಬೆಚ್ಚಗಿನ ಕಾಲ ಎಂಬ ಸೂತ್ರ ಮತ್ತೆ ಮತ್ತೆ ಕಾಣಸಿಗುತ್ತದೆ. ಸೂತ್ರ ಸುಳ್ಳಲ್ಲ: ಗಾಳಿ ಬಲವಾದಷ್ಟೂ ಅದು ಹೊತ್ತು ತರುವ ಕಣ ದಪ್ಪ, ಹಿಮಯುಗದಲ್ಲಿ ಗಾಳಿ ಬಲವಾಗಿತ್ತು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ, ಆ ಪದರಗಳ ನಡುವೆ ಹುದುಗಿರುವ ಹಳೆಯ ಮಣ್ಣುಗಳ ವಿಷಯದಲ್ಲಿ ಓದುಗರು ದಾರಿ ತಪ್ಪುತ್ತಾರೆ.

ಸುಮಾರು 26 ಲಕ್ಷ ವರ್ಷಗಳಿಂದ ಚಳಿಗಾಲದ ಮಾರುತವು ವಾಯವ್ಯದ ಒಣಭೂಮಿಯಿಂದ ಹೊತ್ತು ತಂದ ದೂಳು ಅಲ್ಲಿ ಕೂಡಿಕೊಂಡಿದೆ. ಅದರ ಬಹುಪಾಲು ಕಣಗಳು 10ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಗಾತ್ರದವು. ಮಳೆ ಹೆಚ್ಚಿ ದೂಳು ಕಡಿಮೆಯಾದ ಕಾಲಗಳಲ್ಲಿ ಹುಲ್ಲು ಬೇರೂರಿ, ಅದೇ ದೂಳು ಕೆಂಗಂದು ಬಣ್ಣದ ಮಣ್ಣಾಯಿತು. ತೊಡಕಿರುವುದು ಇಲ್ಲೇ. ಆ ಮಣ್ಣಿನಲ್ಲಿರುವ ಜೇಡಿ, ಅಂದರೆ ಅತಿ ಸಣ್ಣ ಕಣಗಳೆಲ್ಲವೂ ಗಾಳಿ ತಂದದ್ದಲ್ಲ: ಅಭ್ರಕ, ಫೆಲ್ಡ್‌ಸ್ಪಾರ್‌ನಂತಹ ಖನಿಜಗಳು ನೀರಿನ ಸಂಪರ್ಕದಲ್ಲಿ ಶಿಥಿಲಗೊಂಡು ಅಲ್ಲೇ ಜೇಡಿಯಾಗುತ್ತವೆ, ಆ ಜೇಡಿ ಮಳೆನೀರಿನೊಡನೆ ಕೆಳಗಿಳಿದು ರಂಧ್ರಗಳ ಒಳಮೈಗೆ ತೆಳುವಾಗಿ ಲೇಪಗೊಳ್ಳುತ್ತದೆ, ಮಣ್ಣಿನ ತೆಳುಬಿಲ್ಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಈ ಲೇಪ ಸ್ಪಷ್ಟವಾಗಿ ಕಾಣುತ್ತದೆ. ಹೀಗಿರುವಾಗ ಸಣ್ಣ ಕಣಗಳ ಪ್ರಮಾಣ ಹೆಚ್ಚಿದೆಯೆಂದ ಮಾತ್ರಕ್ಕೆ ಗಾಳಿ ದುರ್ಬಲವಾಗಿತ್ತು ಎನ್ನಲಾಗದು.

ಇದಕ್ಕೆ ಸಂಶೋಧಕರು ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಶಿಥಿಲೀಕರಣಕ್ಕೆ ಸುಲಭವಾಗಿ ಬಗ್ಗದ ಕ್ವಾರ್ಟ್ಜ್ (ಬೆಣಚುಕಲ್ಲಿನ ಖನಿಜ) ಕಣಗಳನ್ನಷ್ಟೇ ಬೇರ್ಪಡಿಸಿ ಅಳೆದರೆ ಗಾಳಿಯ ಪಾಲು ತಿಳಿಯುತ್ತದೆ. ಇಡೀ ಮಣ್ಣಿನ ಕಣಗಾತ್ರ ಅದಕ್ಕಿಂತ ಎಷ್ಟು ಸಣ್ಣದಾಗಿದೆ ಎಂಬುದರಿಂದ ಮಣ್ಣು ಎಷ್ಟು ಶಿಥಿಲಗೊಂಡು ಮಾಗಿತ್ತೆಂದು ಅಂದಾಜಿಸಬಹುದು. ಕ್ವಾರ್ಟ್ಜ್ ಕೂಡ ಅಂತಿಮ ತೀರ್ಪಲ್ಲ, ಏಕೆಂದರೆ ಗಾಳಿಯ ಬಲ ಬದಲಾಗದಿದ್ದರೂ ಮರುಭೂಮಿಯ ಅಂಚು ಹತ್ತಿರ ಸರಿದರೆ ಕಣ ದಪ್ಪವಾಗುತ್ತದೆ.

ಅಳತೆಯ ವಿಧಾನವೂ ಫಲಿತಾಂಶವನ್ನು ಬದಲಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಸಾವಯವ ಅಂಶವನ್ನೂ ಆಮ್ಲದಿಂದ ಸುಣ್ಣವನ್ನೂ ತೆಗೆಯದಿದ್ದರೆ, ಅಂಟಿಕೊಂಡ ಜೇಡಿಯ ಮುದ್ದೆಯನ್ನು ಕಣಗಾತ್ರ ಅಳೆಯುವ ಲೇಸರ್ ಯಂತ್ರ ಒಂದೇ ದೊಡ್ಡ ಕಣವೆಂದು ಎಣಿಸುತ್ತದೆ. ಜೇಡಿಯ ಕಣಗಳು ಚಪ್ಪಟೆಯಾಗಿರುವುದರಿಂದ, ಅವು ನೀರಿನಲ್ಲಿ ತಳಕ್ಕಿಳಿಯುವ ವೇಗವನ್ನು ಆಧರಿಸಿದ ಹಳೆಯ ಪಿಪೆಟ್ ವಿಧಾನಕ್ಕೆ ಹೋಲಿಸಿದರೆ, ಲೇಸರ್ ಸಾಮಾನ್ಯವಾಗಿ ಜೇಡಿಯನ್ನು ಕಡಿಮೆ ತೋರಿಸುತ್ತದೆ.

ಆದ್ದರಿಂದ ಇಂತಹ ಅಧ್ಯಯನಗಳನ್ನು ವರದಿ ಮಾಡುವಾಗ, ಅಳೆದದ್ದು ಇಡೀ ಮಣ್ಣನ್ನೋ ಕ್ವಾರ್ಟ್ಜ್ ಅನ್ನೋ, ಯಾವ ವಿಧಾನದಿಂದ ಎಂಬುದನ್ನು ಒಂದು ಸಾಲಿನಲ್ಲಾದರೂ ತಿಳಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ,
ಭೂವಿಜ್ಞಾನದ ಓದುಗ