ನಿನ್ನ ಫೇರಿ ರಾಜಕುಮಾರನ ಮೇಲೊಂದು ತಕರಾರು

ಪ್ರೀತಿಯ ಗೆಳೆಯಾ,

ನಿನ್ನ ಕಾದಂಬರಿಯ ಕರಡು ಓದಿ ಮುಗಿಸಿದೆ. ಫೋನಿನಲ್ಲಿ ಹೇಳಿದರೆ ನಡುವೆಯೇ ವಾದಕ್ಕೆ ಇಳಿಯುತ್ತೀಯ, ಅದಕ್ಕೇ ಪತ್ರ.

ನಾಯಕಿ ತುಂಬಾ ಇಷ್ಟವಾದಳು. ಅವಳ ಸಿಟ್ಟು, ಸಣ್ಣಪುಟ್ಟ ಸುಳ್ಳುಗಳು, ತಂಗಿಯ ಮೇಲಿನ ಹೊಟ್ಟೆಕಿಚ್ಚು, ಎಲ್ಲವೂ 17ರ ಹುಡುಗಿಯವೇ. ನನ್ನ ತಕರಾರು ಇರುವುದು ಪಾಶ್ಚಾತ್ಯ ಜನಪದ ಕಥೆಗಳ ಮಾಯಾಲೋಕದಿಂದ ಬಂದ ನಿನ್ನ ಫೇರಿ ರಾಜಕುಮಾರನ ಮೇಲೆ. ಬೆಳ್ಳಿಕೂದಲು, ಚೂಪು ಕಿವಿ, ಯಾವಾಗಲೂ ಕಿಟಕಿಯ ಹತ್ತಿರ ನಿಂತು ನಿಟ್ಟುಸಿರು. ಆ ಕಿವಿ ತೆಗೆದುಬಿಟ್ಟರೆ ಉಳಿಯುವುದು ದುಡ್ಡಿರುವ, ಸ್ವಲ್ಪ ಮುಂಗೋಪದ ಒಬ್ಬ ಹುಡುಗ, ಅಷ್ಟೇ. ಅಂಥವನನ್ನು ಪ್ರೀತಿಸಲು ಅವಳು ಇನ್ನೊಂದು ಲೋಕಕ್ಕೆ ಯಾಕೆ ಹೋಗಬೇಕು?

ಹಿಂದಿನವರು ಫೇರಿಗಳನ್ನು ಹೀಗೆ ಕಂಡಿರಲಿಲ್ಲ. 17ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಅಬರ್‌ಫಾಯಲ್‌ನಲ್ಲಿ ರಾಬರ್ಟ್ ಕರ್ಕ್ ಎಂಬ ಪಾದ್ರಿ ಇದ್ದ. ಆ ಕಡೆಯ ಜನರ ನಂಬಿಕೆಗಳನ್ನೆಲ್ಲ ಬರೆದಿಟ್ಟವನು. ಅವನ ಪ್ರಕಾರ ಫೇರಿಗಳು ಮನುಷ್ಯರಿಗೂ ದೇವದೂತರಿಗೂ ನಡುವಿನವರು. ಅವನು ಸತ್ತ ಮೇಲೆ ಜನ, ಸತ್ತಿಲ್ಲ, ಫೇರಿಗಳೇ ಎತ್ತಿಕೊಂಡು ಹೋದರು ಎಂದು ಮಾತಾಡಿಕೊಂಡರಂತೆ! ಅವರ ಹೆಸರು ಹೇಳುವುದಕ್ಕೂ ಜನ ಅಂಜುತ್ತಿದ್ದರು. 'ಒಳ್ಳೆಯ ಜನ' ಅಂತ ಓಲೈಸಿ ಕರೆಯುತ್ತಿದ್ದರು. ನಿನ್ನ ಪುಟಗಳಲ್ಲಿ ಆ ಅಂಜಿಕೆ ನನಗೆಲ್ಲೂ ಸಿಗಲಿಲ್ಲ. ಅಂಜಿಕೆಯೇ ಇಲ್ಲದ ಮೇಲೆ ಈ ಪ್ರೀತಿಯಲ್ಲಿ ಅವಳು ಪಣಕ್ಕೆ ಇಟ್ಟಿದ್ದೇನು?

ಈಗಿನ ಫೇರಿ ಕಥೆಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಲಿಸುವ ಒಂದು ನಿಯಮವಿದೆ, ಫೇರಿಗಳು ಸುಳ್ಳು ಹೇಳಲಾರರು. ನೀನೂ ಮೊದಲ ಅಧ್ಯಾಯದಲ್ಲೇ ಅದನ್ನು ಹೇಳಿದ್ದೀಯ, ಆಮೇಲೆ ಮರೆತೇಬಿಟ್ಟಿದ್ದೀಯ. ಮೂರನೇ ಅಧ್ಯಾಯಕ್ಕೆ ಅವನು ಸಲೀಸಾಗಿ "ನಿನ್ನನ್ನು ಪ್ರೀತಿಸುತ್ತೇನೆ" ಅಂದುಬಿಡುತ್ತಾನೆ. ಅಯ್ಯೋ ಮಾರಾಯ! ಸುಳ್ಳೇ ಬಾರದವನ ಬಾಯಲ್ಲಿ ಆ ಮಾತು ಬಂದರೆ ಕಥೆ ಅಲ್ಲಿಗೇ ಮುಗಿದ ಹಾಗೆ. ಅವನನ್ನು ಆ ಮಾತಿನಿಂದ ತಪ್ಪಿಸಿಕೊಳ್ಳಲು ಬಿಡು. ಪ್ರಶ್ನೆಗೆ ಪ್ರಶ್ನೆ ಹಾಕಲಿ, ಅರ್ಧ ಸತ್ಯ ಹೇಳಲಿ, ಸುಮ್ಮನಾಗಲಿ. ಅವಳು ಆ ಮೌನದ ಲೆಕ್ಕ ಹಾಕುತ್ತಾ ಕೂರಲಿ. ಅವಳಿಗೋ ಸುಳ್ಳು ಸರಾಗ. "ನೀನಂದ್ರೆ ನನಗೆ ಅಷ್ಟಕ್ಕಷ್ಟೇ" ಅಂತ ಅವಳು ಹೇಳಿದರೆ ಅವನಿಗೆ ತಿಳಿಯುವುದಾದರೂ ಹೇಗೆ? ಅವನಿಗೆ 300 ವರ್ಷ, ಇವಳಿಗೆ 17. ಈ ಅಂತರ ಓದುವವರಿಗೆ ಕಿರಿಕಿರಿ ಮಾಡುತ್ತದೆ, ಮಾಡಬೇಕು ಕೂಡ. ಅವನ ವಯಸ್ಸು, ಮಾಯೆ, ಅರಮನೆ ಎಲ್ಲದರ ಎದುರು ಅವಳ ಕೈಯಲ್ಲಿರುವುದು ಈ ಒಂದು ಸುಳ್ಳಿನ ವಿದ್ಯೆ. ಅದನ್ನೂ ನೀನು ಬಳಸದಿದ್ದರೆ ಅವಳು ಬರೀ ಅವನ ಅತಿಥಿಯಾಗಿ ಉಳಿಯುತ್ತಾಳೆ.

ಸಾಧ್ಯವಾದರೆ ಸ್ಕಾಟ್ಲೆಂಡಿನ ಹಳೆಯ ಟ್ಯಾಮ್ ಲಿನ್ ಲಾವಣಿ ಓದು. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಸಂಗ್ರಹಿಸಿದ 305 ಲಾವಣಿಗಳಲ್ಲಿ ಅದು 39ನೆಯದು. ಕಾರ್ಟರ್‌ಹಾ ಎಂಬ ಕಾಡಿಗೆ ಹುಡುಗಿಯರು ಹೋಗಬಾರದು ಅಂತ ಕಟ್ಟಪ್ಪಣೆ. ಜಾನೆಟ್ ಹೋಗಿಯೇ ಹೋಗುತ್ತಾಳೆ, ಗುಲಾಬಿ ಕೀಳುತ್ತಾಳೆ. ಯಾರನ್ನು ಕೇಳಿ ಕಿತ್ತೆ ಎನ್ನುತ್ತಾ ಟ್ಯಾಮ್ ಲಿನ್ ಎದುರಾಗುತ್ತಾನೆ. ಕಾಡು ನನ್ನದೇ, ನಿನ್ನನ್ನೇನು ಕೇಳುವುದು ಅನ್ನುವ ಜಾಯಮಾನ ಅವಳದ್ದು. ಅವನು ನಿಜವಾಗಿ ಮನುಷ್ಯನೇ. ಕುದುರೆಯಿಂದ ಬಿದ್ದಾಗ ಫೇರಿಗಳ ರಾಣಿ ಹಿಡಿದುಕೊಂಡು ಹೋಗಿದ್ದಾಳೆ. ಏಳು ವರ್ಷಕ್ಕೊಮ್ಮೆ ಫೇರಿಗಳು ನರಕಕ್ಕೆ ಒಂದು ಜೀವ ಕಪ್ಪ ಕೊಡಬೇಕು, ಈ ಸಲ ಎಲ್ಲಿ ತನ್ನ ಸರದಿಯೋ ಅಂತ ಅವನಿಗೆ ಭಯ.

ಮುಂದಿನದು ನೋಡು. ಹ್ಯಾಲೋವೀನ್ ರಾತ್ರಿ ಫೇರಿಗಳ ಸವಾರಿ ಹೊರಡುತ್ತದೆ. ಅವನನ್ನು ಬಿಡಿಸಬೇಕೆಂದರೆ ಜಾನೆಟ್ ಕಪ್ಪು ಕುದುರೆಯನ್ನು ಬಿಡಬೇಕು, ಕಂದು ಕುದುರೆಯನ್ನೂ ಬಿಡಬೇಕು, ಬಿಳಿ ಕುದುರೆಯ ಮೇಲಿರುವವನನ್ನು ಕೆಳಗೆಳೆದು ತಬ್ಬಿಕೊಳ್ಳಬೇಕು. ಅವಳ ತೋಳಿನಲ್ಲೇ ಅವನು ಹಾವಾಗುತ್ತಾನೆ, ಕರಡಿಯಾಗುತ್ತಾನೆ, ಸಿಂಹವಾಗುತ್ತಾನೆ, ಕಾದ ಕಬ್ಬಿಣವಾಗುತ್ತಾನೆ. ಕೊನೆಗೆ ಉರಿಯುವ ಕೆಂಡ. ಆಗ ಬಾವಿಗೆ ಎಸೆಯಬೇಕು, ಎದ್ದು ಬರುವ ಬೆತ್ತಲೆ ಮನುಷ್ಯನಿಗೆ ತನ್ನ ಹಸಿರು ಹೊದಿಕೆ ಹೊದಿಸಬೇಕು. ಅವಳಿಗೆ ಕತ್ತಿ ಇಲ್ಲ, ಮಂತ್ರ ಇಲ್ಲ. ಹಿಡಿದ ಹಿಡಿ ಬಿಡಲಿಲ್ಲ, ಅಷ್ಟೇ. ಅದೂ ಬಸುರಿ ಹುಡುಗಿ! ನಿನ್ನ ಕೊನೆಯ ಅಧ್ಯಾಯದ ಯುದ್ಧ 40 ಪುಟ ಇದೆ. ಈ ಒಂದು ತಬ್ಬುಗೆಯ ಮುಂದೆ ಅದು ನನಗೆ ಸಪ್ಪೆ ಅನ್ನಿಸಿತು. ಆ ಯುದ್ಧದಲ್ಲಿ ಅವಳು ಮಾಡುವುದಾದರೂ ಏನು? ನಿಂತು ನೋಡುತ್ತಾಳೆ.

ಕಬ್ಬಿಣ ಸೋಕಿದರೆ ಫೇರಿಗಳಿಗೆ ಸುಡುವುದು, ಅವರ ಲೋಕದ ಊಟವನ್ನು ಮನುಷ್ಯರು ಮುಟ್ಟಬಾರದು ಎನ್ನುವುದು, ಇವನ್ನೆಲ್ಲ ಚೆನ್ನಾಗಿಯೇ ತಂದಿದ್ದೀಯ. ಕಾಲದ ವಿಷಯ ಮಾತ್ರ ಕೈಬಿಟ್ಟಿದ್ದೀಯ. ಐರ್ಲೆಂಡಿನ ಆಷೀನ್‌ನ ಕಥೆ ಗೊತ್ತಲ್ವಾ? ನೀವ್ ಎಂಬವಳ ಹಿಂದೆ ಮುಪ್ಪಿಲ್ಲದ ನಾಡಿಗೆ ಹೋದವನು. ಅಲ್ಲಿ ಮೂರು ವರ್ಷ ಇದ್ದೆ ಅಂದುಕೊಂಡು ವಾಪಸ್ ಬಂದರೆ ಇಲ್ಲಿ 300 ವರ್ಷ ಕಳೆದಿತ್ತು. ಕುದುರೆಯಿಂದ ನೆಲಕ್ಕೆ ಬಿದ್ದದ್ದೇ ತಡ, ಮುದುಕನಾದ. ನಿನ್ನ ನಾಯಕಿ ವಾರಗಟ್ಟಲೆ ಅರಮನೆಯಲ್ಲಿದ್ದು ಮನೆಗೆ ಬಂದರೆ ಅಮ್ಮ ಹಾಗೇ, ತಂಗಿ ಹಾಗೇ. ತಂಗಿ ಅಕ್ಕನಿಗಿಂತ ದೊಡ್ಡವಳಾಗಿ ಬಾಗಿಲು ತೆರೆದರೆ? ಆ ಹೊಟ್ಟೆಕಿಚ್ಚಿಗೆ ಆಗ ಬೇರೆಯೇ ಬಣ್ಣ ಬರುತ್ತದೆ. ನನಗಂತೂ ಆ ಪುಟ ಓದುವ ಆಸೆ ಜಾಸ್ತಿಯಾಗಿದೆ.

ಇನ್ನೊಂದು, ಮರೆಯುವ ಮೊದಲು. ಆರನೇ ಅಧ್ಯಾಯದಲ್ಲಿ ಅವಳು ರಾಣಿಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾಳೆ. ತಂಗಿಯ ಕಾಯಿಲೆ ವಾಸಿಯಾಗುತ್ತದೆ, ಸರಿ. ಬದಲಿಗೆ ಇವಳು ಏನು ಕೊಟ್ಟಳು? ಹಿಂದೆ ಮುಂದೆ ಎಲ್ಲ ತಿರುವಿ ನೋಡಿದೆ, ನೀನು ಬರೆದೇ ಇಲ್ಲ. ಅದನ್ನು ಬರೆದು ಕಳಿಸು, ಮೊದಲು ಅದೊಂದೇ ಅಧ್ಯಾಯ ಸಾಕು.

ನಿನ್ನ ಗೆಳತಿ