ಒಣಮೀನಿನ ಮರಳು ಮತ್ತು ಕರಾವಳಿಯ ಅಭಿವೃದ್ಧಿ

ಮಾನ್ಯರೇ,

ಕರಾವಳಿ ಅಭಿವೃದ್ಧಿ ಅಂದ ಕೂಡಲೇ ಬಂದರು, ಬೀಚು, ರೆಸಾರ್ಟಿನ ಮಾತೇ ಬರುತ್ತದೆ. ಅಲ್ಲಿನವರು ತಲೆಮಾರುಗಳಿಂದ ಮಾಡಿಕೊಂಡು ಬಂದ, ಮೀನು ಒಣಗಿಸುವಂಥ ಕಸುಬಿನ ಸುದ್ದಿ ಕಡಿಮೆ. ಘಟ್ಟದ ಮೇಲಿನ ಕೊಡಗಿನವರಿಗೆ ಇದರ ಉಸಾಬರಿ ಯಾಕೆ ಅಂತ ಕೇಳಬಹುದು. ನಾವು ಅವರ ಖಾಯಂ ಗಿರಾಕಿಗಳು, ಅದಕ್ಕೆ.

ಮಳೆ ಹಿಡಿಯುವ ಮೊದಲೇ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಣಮೀನು ಕೊಂಡಿಡುವುದು ಇಲ್ಲಿ ಎಷ್ಟೋ ಮನೆಗಳ ರೂಢಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಸಿಮೀನು ಕಡಿಮೆ, ರೇಟು ಜಾಸ್ತಿ. ಆಗ ಗಂಜಿಗೆ ಒಣ ಸಿಗಡಿಯೋ ಬಂಗುಡೆಯೋ ಬೇಕೇ ಬೇಕು. ಆದರೆ ಆ ಸಿಗಡಿಯನ್ನು ನೀರಿಗೆ ಹಾಕಿ ನೋಡಿ. ತೊಳೆದಷ್ಟೂ ಪಾತ್ರೆಯ ತಳದಲ್ಲಿ ಮರಳು. ಹುರಿದ ಮೇಲೂ ಹಲ್ಲಿಗೆ ಕರಕರ.

ಇದು ಒಣಗಿಸುವ ಹೆಂಗಸರ ತಪ್ಪಲ್ಲ, ಬೇರೆ ಅನುಕೂಲ ಇಲ್ಲದೆ ದಡದ ಮರಳಿನ ಮೇಲೇ ಹರಡುತ್ತಾರೆ. ನೇರ ಮರಳ ಮೇಲೆ ಹರಡದೆ, ಸೊಂಟದ ಎತ್ತರಕ್ಕೆ ಕಂಬ ನೆಟ್ಟು ಬಲೆ ಕಟ್ಟಿ ಅದರ ಮೇಲೆ ಒಣಗಿಸಿದರೆ ಮರಳೂ ಇಲ್ಲ, ನಾಯಿ ಕಾಟವೂ ಇಲ್ಲ. ಅಡಿಯಿಂದಲೂ ಗಾಳಿ ಆಡುವುದರಿಂದ ಬೇಗ ಒಣಗುತ್ತದೆ. ಮೋಡ ಕವಿದ ದಿನಗಳಿಗೆ ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಬಿಸಿಲಿಲ್ಲದಾಗ ಗ್ಯಾಸ್ ಅಥವಾ ಕರೆಂಟಿನಲ್ಲೂ ನಡೆಯುವ ಸೋಲಾರ್ ಡ್ರೈಯರ್‌ಗಳನ್ನು ರೂಪಿಸಿದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮಹಿಳೆಯರಿಗೆ ಶೇ 60ರವರೆಗೆ ಸಹಾಯಧನವೂ ಉಂಟು. ಉಳಿದ ಶೇ 40 ಎಲ್ಲಿಂದ ತರಬೇಕು? ದಿನದ ವ್ಯಾಪಾರದಲ್ಲಿ ದಿನ ದೂಡುವವರಿಗೆ ಅದೇ ದೊಡ್ಡ ಗಂಟು. ಸ್ವಸಹಾಯ ಸಂಘಕ್ಕೇ ಸಾಲ ಕೊಟ್ಟು, ಒಣಗಿಸಲು ಅಂತಲೇ ದಡದಲ್ಲಿ ಜಾಗ ಗುರುತಿಸಿ ಕೊಟ್ಟರೆ ಕೆಲಸ ಸಲೀಸು.

ಇನ್ನೊಂದು ವಿಷಯ. ಬೂತಾಯಿ, ಸಣ್ಣ ಮೀನುಗಳ ದೊಡ್ಡ ಪಾಲು ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ಪುಡಿಯಾಗಿ ಕೋಳಿಗೆ, ಸಿಗಡಿ ಸಾಕಣೆಗೆ ಆಹಾರವಾಗುತ್ತದೆ. ಲಾರಿಗಟ್ಟಲೆ ಕೊಳ್ಳುವವರ ಎದುರು ಬುಟ್ಟಿ ಹಿಡಿದು ನಿಂತ ಹೆಂಗಸು ಹರಾಜು ಕೂಗಲು ಸಾಧ್ಯವಾ? ತಿನ್ನುವ ಮೀನಿನಲ್ಲಿ ಒಂದು ಪಾಲನ್ನು ಈ ಸಂಘಗಳಿಗೆ ಮೀಸಲಿಡದಿದ್ದರೆ ಡ್ರೈಯರ್ ಕೊಟ್ಟೂ ದಂಡ.

ಒಂದು ಬ್ರ್ಯಾಂಡ್ ಹೆಸರು, ಜಿಐ ಟ್ಯಾಗ್ (ಇಂಥ ಊರಿನದೇ ಸರಕು ಅನ್ನುವ ಸರ್ಕಾರಿ ಗುರುತು) ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಒಮ್ಮೆ ಕೊಡಗಿಗೆ ಬರಲಿ. ನಮ್ಮ ಕಿತ್ತಳೆಗೆ 2006ರಲ್ಲೇ ಜಿಐ ಸಿಕ್ಕಿತು. ಆದರೂ ರೋಗ ಬಡಿದು ತೋಟಗಳು ಸೊರಗಿವೆ. ರಸ್ತೆ ಬದಿಯಲ್ಲಿ ಕೊಡಗಿನ ಹೆಸರು ಹೇಳಿ ನಾಗಪುರದ ಹಣ್ಣು ಮಾರುವುದನ್ನು ಪ್ರವಾಸಿಗರೇ ನೋಡಿದ್ದಾರೆ. ಟ್ಯಾಗ್ ಬಂತು, ಗಿಡ ಉಳಿಸುವ ಕೆಲಸ ಹಿಂದೆ ಬಿತ್ತು.

ಹಾಗಾಗಿ ಮೀನುಗಾರಿಕೆ ಇಲಾಖೆಗೆ ನನ್ನ ಕೋರಿಕೆ ಇಷ್ಟೇ: ಮೊದಲು ಬಲೆಯ ಅಟ್ಟ, ಡ್ರೈಯರ್, ಮೀನಿನ ಪಾಲು. ಆಮೇಲೆ ಬೇಕಾದರೆ ಲೇಬಲ್. ಜೊತೆಗೆ ನಮ್ಮ ಸಂತೆಗಳಲ್ಲಿ ಆ ಸಂಘಗಳಿಗೇ ನೇರ ಮಳಿಗೆ ಕೊಡಲು ಇಲ್ಲಿನ ನಗರಸಭೆ, ಪಂಚಾಯಿತಿಗಳು ಮನಸ್ಸು ಮಾಡಲಿ. ಮರಳಿಲ್ಲದ ಸಿಗಡಿಗೆ ನಾಲ್ಕು ಕಾಸು ಜಾಸ್ತಿ ಕೊಡಲು ನಾವು ತಯಾರಿದ್ದೇವೆ.

– ಒಬ್ಬ ಓದುಗ, ಮಡಿಕೇರಿ